ಅರಮನೆ, ಸೆರೆಮನೆ ಮತ್ತು ಸಂದರ್ಶಕರು: ಮರುಬಳಕೆಯ ನಗರ ಪಾರಂಪರಿಕ ತಾಣಗಳಲ್ಲಿ ನೋಡುಗರ ತೃಪ್ತಿಯ ಸ್ವರೂಪ

ಪೀಠಿಕೆ

ಒಂದು ಉದ್ದೇಶಕ್ಕಾಗಿ ಕಟ್ಟಿದ ಕಟ್ಟಡವು ಆ ಉದ್ದೇಶ ತೀರಿದ ಮೇಲೂ ಉಳಿದುಕೊಂಡು ಬೇರೊಂದು ಕೆಲಸಕ್ಕೆ ಒದಗುವುದು ನಗರಗಳ ಚರಿತ್ರೆಯಲ್ಲಿ ಹೊಸದೇನಲ್ಲ. ಅರಮನೆಗಳು ಕಚೇರಿಗಳಾಗಿವೆ, ಬಂಗಲೆಗಳು ಶಾಲೆಗಳಾಗಿವೆ, ಛತ್ರಗಳು ಆಸ್ಪತ್ರೆಗಳಾಗಿವೆ. ಆದರೆ ಇಂತಹ ಕಟ್ಟಡವೊಂದನ್ನು ‘ಪರಂಪರೆ’ ಎಂದು ಗುರುತಿಸಿ, ವಸ್ತುಸಂಗ್ರಹಾಲಯವಾಗಿಯೋ ಕಲಾಶಾಲೆಯಾಗಿಯೋ ಉದ್ಯಾನವಾಗಿಯೋ ಸಾರ್ವಜನಿಕರಿಗೆ ತೆರೆದಾಗ ಪರಿಸ್ಥಿತಿ ಬದಲಾಗುತ್ತದೆ. ಅಲ್ಲಿಗೆ ಬರುವವನು ಕೆಲಸಕ್ಕಾಗಿ ಬರುವವನಲ್ಲ, ನೋಡಲೆಂದು ಬರುವವನು. ಅವನು ಏಕಕಾಲದಲ್ಲಿ ಎರಡನ್ನು ನೋಡುತ್ತಾನೆ: ಒಳಗೆ ಇಟ್ಟಿರುವುದನ್ನು ಮತ್ತು ಅದನ್ನು ಇಟ್ಟಿರುವ ಕಟ್ಟಡವನ್ನು. ಈ ಎರಡು ನೋಟಗಳು ಒಂದಕ್ಕೊಂದು ಪೂರಕವಾಗಬಹುದು, ವಿರುದ್ಧವೂ ಆಗಬಹುದು. ಮರುಬಳಕೆಯ ತಾಣದಲ್ಲಿ ಸಂದರ್ಶಕನ ತೃಪ್ತಿಯೆಂಬುದು ಈ ಸಂಬಂಧದಲ್ಲಿಯೇ ರೂಪುಗೊಳ್ಳುತ್ತದೆ.

ಪ್ರವಾಸೋದ್ಯಮ ಮತ್ತು ನಿರ್ವಹಣಾಶಾಸ್ತ್ರಗಳು ಸಂದರ್ಶಕರ ತೃಪ್ತಿಯನ್ನು ಅಳೆಯಲು ಅನೇಕ ಮಾನಕಗಳನ್ನು ರೂಪಿಸಿವೆ. ಜಾನಪದ ಅಧ್ಯಯನವು ಈ ವಿಷಯದತ್ತ ತಿರುಗಿ ನೋಡಿರುವುದು ಕಡಿಮೆ. ಆದರೆ ಹಳೆಯ ಕಟ್ಟಡದ ಬಾಗಿಲಲ್ಲಿ ನಿಂತ ಜನರು ಕೇಳುವ ಮೊದಲ ಪ್ರಶ್ನೆ ‘ಇದು ಯಾರ ಮನೆಯಾಗಿತ್ತು?’ ಎಂಬುದು. ಅದಕ್ಕೆ ದೊರೆಯುವ ಉತ್ತರವು ಬಹುಮಟ್ಟಿಗೆ ಮೌಖಿಕವಾದುದು. ಆದ್ದರಿಂದ ತೃಪ್ತಿಯ ಪ್ರಶ್ನೆಯು ಕಥನದ ಪ್ರಶ್ನೆಯೂ ಹೌದು. ಪ್ರಸ್ತುತ ಲೇಖನವು ಮೈಸೂರಿನ ಜಗನ್ಮೋಹನ ಅರಮನೆ, ಅದೇ ನಗರದ ಜಯಲಕ್ಷ್ಮಿ ವಿಲಾಸ ಮತ್ತು ಬೆಂಗಳೂರಿನ ಹಳೆಯ ಕೇಂದ್ರ ಕಾರಾಗೃಹ ಎಂಬ ಮೂರು ನಿದರ್ಶನಗಳ ಮೂಲಕ ಈ ಅಂಶವನ್ನು ಪರಿಶೀಲಿಸುತ್ತದೆ.

ತೃಪ್ತಿಯ ಪರಿಕಲ್ಪನೆ ಮತ್ತು ಅದರ ಮಿತಿ

ತೃಪ್ತಿಯ ಕುರಿತ ಆಧುನಿಕ ಚಿಂತನೆಗೆ ತಳಹದಿಯಾದುದು 1980ರಲ್ಲಿ ರಿಚರ್ಡ್ ಆಲಿವರ್ ಮಂಡಿಸಿದ ಮಾದರಿ. ಅದರ ಪ್ರಕಾರ ತೃಪ್ತಿಯು ನಿರೀಕ್ಷೆ ಮತ್ತು ಅನುಭವಗಳ ನಡುವಿನ ಹೋಲಿಕೆಯ ಫಲ. ಅನುಭವವು ನಿರೀಕ್ಷೆಯನ್ನು ಮೀರಿದರೆ ತೃಪ್ತಿ, ಅದಕ್ಕಿಂತ ಕೆಳಗಿದ್ದರೆ ಅತೃಪ್ತಿ. 1988ರಲ್ಲಿ ಪರಶುರಾಮನ್, ಝೈಥಮಲ್ ಮತ್ತು ಬೆರ್ರಿ ಅವರು ‘ಸರ್ವ್‌ಕ್ವಾಲ್’ ಎಂಬ ಅಳತೆಗೋಲನ್ನು ರೂಪಿಸಿ ಸೇವೆಯ ಗುಣಮಟ್ಟವನ್ನು ಭೌತಿಕ ಸೌಲಭ್ಯ, ನಂಬಿಕಾರ್ಹತೆ, ಸ್ಪಂದನೆ, ಭರವಸೆ ಮತ್ತು ಅನುಭೂತಿ ಎಂಬ ಐದು ನೆಲೆಗಳಲ್ಲಿ ವಿಂಗಡಿಸಿದರು. ಬ್ಯಾಂಕು, ದುರಸ್ತಿ ಸೇವೆ ಮೊದಲಾದವುಗಳನ್ನು ಗಮನದಲ್ಲಿಟ್ಟು ಸಿದ್ಧಪಡಿಸಿದ ಈ ಅಳತೆಗೋಲು ಪಾರಂಪರಿಕ ತಾಣಗಳಿಗೆ ಪೂರ್ಣವಾಗಿ ಹೊಂದುವುದಿಲ್ಲವೆಂದು ಕಂಡು, 2000ದಲ್ಲಿ ಫ್ರೋಶೋ ಮತ್ತು ಹ್ಯೂಸ್ ಅವರು ಐತಿಹಾಸಿಕ ಮನೆಗಳಿಗಾಗಿಯೇ ‘ಹಿಸ್ಟೋಕ್ವಾಲ್’ ಎಂಬ ಪರಿಷ್ಕೃತ ರೂಪವನ್ನು ಪ್ರಕಟಿಸಿದರು. ಅವರು ‘ಸಂವಹನ’ ಎಂಬ ನೆಲೆಯನ್ನು ಸೇರಿಸಿದ್ದು ಗಮನಾರ್ಹ. ತಾಣವು ತನ್ನ ಕಥೆಯನ್ನು ನೋಡುಗನಿಗೆ ಹೇಗೆ ತಲುಪಿಸುತ್ತದೆ ಎಂಬುದೂ ಗುಣಮಟ್ಟದ ಅಂಗವೆಂದು ಇದರಿಂದ ಒಪ್ಪಿದಂತಾಯಿತು.

ಈ ಮಾದರಿಗಳ ಉಪಯುಕ್ತತೆಯನ್ನು ಅಲ್ಲಗಳೆಯುವಂತಿಲ್ಲ. ಕುಡಿಯುವ ನೀರು, ಶೌಚಾಲಯ, ನೆರಳು, ಕುಳಿತುಕೊಳ್ಳುವ ಸ್ಥಳ, ಓದಲು ಬರುವಂತಹ ಫಲಕ ಇವುಗಳಿಲ್ಲದ ತಾಣದಲ್ಲಿ ಬೇರಾವ ತೃಪ್ತಿಯನ್ನೂ ನಿರೀಕ್ಷಿಸಲಾಗದು. ಆದರೂ ಇವುಗಳಲ್ಲಿ ಎರಡು ಕೊರತೆಗಳು ಎದ್ದು ಕಾಣುತ್ತವೆ. ಮೊದಲನೆಯದು, ನಿರೀಕ್ಷೆಯು ಎಲ್ಲಿಂದ ಬರುತ್ತದೆ ಎಂಬುದನ್ನು ಇವು ವಿಚಾರಿಸುವುದಿಲ್ಲ. ಜಾಹೀರಾತಿನಿಂದ ಹುಟ್ಟಿದ ನಿರೀಕ್ಷೆ ಒಂದು ಬಗೆಯದು, ಅಜ್ಜಿಯ ಬಾಯಿಂದ ಕೇಳಿದ ಮಾತಿನಿಂದ ಹುಟ್ಟಿದುದು ಇನ್ನೊಂದು ಬಗೆಯದು. ಎರಡನೆಯದು, ಇವು ಸಂದರ್ಶಕನನ್ನು ಕೇವಲ ಗ್ರಾಹಕನೆಂದು ಭಾವಿಸುತ್ತವೆ. ತಾಣದ ಗತಜೀವನದಲ್ಲಿ ಅವನಿಗೂ ಪಾಲಿರಬಹುದು, ಅಲ್ಲಿ ತೋರಿಸುತ್ತಿರುವುದು ಅವನದೇ ಬದುಕು ಆಗಿರಬಹುದು ಎಂಬ ಸಾಧ್ಯತೆಗೆ ಇಲ್ಲಿ ಎಡೆಯಿಲ್ಲ.

ಸಂರಕ್ಷಣಾ ತತ್ವಗಳು ಈ ವಿಷಯದಲ್ಲಿ ಹೆಚ್ಚು ಎಚ್ಚರ ವಹಿಸಿವೆ. 1964ರ ವೆನಿಸ್ ಸನ್ನದು ಸ್ಮಾರಕಗಳನ್ನು ಸಮಾಜೋಪಯೋಗಿ ಕಾರ್ಯಗಳಿಗೆ ಬಳಸುವುದು ಅವುಗಳ ಸಂರಕ್ಷಣೆಗೆ ಸಹಾಯಕವೆಂದು ಒಪ್ಪಿ, ಆ ಬಳಕೆಯು ಕಟ್ಟಡದ ವಿನ್ಯಾಸವನ್ನಾಗಲಿ ಅಲಂಕರಣವನ್ನಾಗಲಿ ಬದಲಿಸಬಾರದೆಂದು ಮಿತಿ ಹಾಕಿತು. ಆಸ್ಟ್ರೇಲಿಯಾದಲ್ಲಿ 1979ರಲ್ಲಿ ಅಂಗೀಕೃತವಾದ ಬುರ್ರಾ ಸನ್ನದು ಹೊಸ ಬಳಕೆಯು ತಾಣದ ಸಾಂಸ್ಕೃತಿಕ ಮಹತ್ವಕ್ಕೆ ಹೊಂದುವಂತಿರಬೇಕೆಂದು ವಿಧಿಸಿತು. ಆ ‘ಮಹತ್ವ’ವು ಯಾರಿಗೆ ಮತ್ತು ಯಾರ ದೃಷ್ಟಿಯಲ್ಲಿ ಎಂಬ ಪ್ರಶ್ನೆಗೆ ಉತ್ತರವು ಆಯಾ ತಾಣದಲ್ಲಿಯೇ ದೊರೆಯಬೇಕಾಗುತ್ತದೆ.

ಜಗನ್ಮೋಹನ ಅರಮನೆ: ಕಥೆಯಿಂದ ದೊರೆಯುವ ತೃಪ್ತಿ

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1861ರಲ್ಲಿ ನಿರ್ಮಾಣಗೊಂಡ ಜಗನ್ಮೋಹನ ಅರಮನೆಯು ಒಂದಕ್ಕಿಂತ ಹೆಚ್ಚು ಬಾರಿ ತನ್ನ ಪಾತ್ರವನ್ನು ಬದಲಿಸಿಕೊಂಡಿದೆ. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹ ಸಂದರ್ಭದಲ್ಲಿ ಹಳೆಯ ಮರದ ಅರಮನೆಯು ಬೆಂಕಿಗೆ ಆಹುತಿಯಾದಾಗ ರಾಜಪರಿವಾರವು ಇಲ್ಲಿಗೆ ಬಂದು ನೆಲೆಸಿತು. 1902ರ ಆಗಸ್ಟ್ 8ರಂದು ವೈಸ್‌ರಾಯ್ ಲಾರ್ಡ್ ಕರ್ಜನ್ ಅವರ ಸಮಕ್ಷಮದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಧಿಕಾರ ವಹಿಸಿಕೊಂಡದ್ದು ಇಲ್ಲಿಯೇ. 1912ರಲ್ಲಿ ಹೊಸ ಅರಮನೆ ಪೂರ್ಣಗೊಂಡ ಬಳಿಕ, 1915ರಲ್ಲಿ ಇದನ್ನು ಕಲಾಶಾಲೆಯಾಗಿ ಪರಿವರ್ತಿಸಲಾಯಿತು. ಮುಂದೆ ಅದು ಶ್ರೀ ಜಯಚಾಮರಾಜೇಂದ್ರ ಕಲಾ ಗ್ಯಾಲರಿ ಎಂಬ ಹೆಸರನ್ನು ಪಡೆಯಿತು.

ಇಲ್ಲಿ ಕಟ್ಟಡಕ್ಕೂ ಒಳಗಿನ ವಸ್ತುಗಳಿಗೂ ಸಹಜವಾದ ಸಂಬಂಧವಿದೆ. ಅರಮನೆಯ ಸಂಗ್ರಹವು ಅರಮನೆಯಲ್ಲಿಯೇ ಇದೆ. ರವಿವರ್ಮನ ಚಿತ್ರಗಳು, ಗಂಜೀಫ ಎಲೆಗಳು, ಗೋಡೆಯ ಮೇಲಿನ ಒಡೆಯರ ವಂಶವೃಕ್ಷ ಇವೆಲ್ಲ ‘ಇದು ಯಾರ ಮನೆಯಾಗಿತ್ತು’ ಎಂಬ ಪ್ರಶ್ನೆಗೆ ಪ್ರತ್ಯೇಕ ಫಲಕದ ಅಗತ್ಯವಿಲ್ಲದಂತೆ ಉತ್ತರಿಸುತ್ತವೆ. ನೋಡುಗನು ಅರಸರ ವೈಭವವನ್ನು ನಿರೀಕ್ಷಿಸಿ ಬರುತ್ತಾನೆ, ಅದನ್ನು ಕಂಡು ಹೋಗುತ್ತಾನೆ. ಆಲಿವರನ ಮಾದರಿಗೆ ಇದಕ್ಕಿಂತ ಸರಳವಾದ ಉದಾಹರಣೆ ದೊರೆಯದು.

ಆದರೆ ಇಲ್ಲಿ ಬಹುಜನರನ್ನು ಹಿಡಿದು ನಿಲ್ಲಿಸುವ ಚಿತ್ರವು ಅರಸರಿಗೆ ಸಂಬಂಧಿಸಿದ್ದಲ್ಲ. ಅಂಗೈಯಿಂದ ಮರೆಮಾಡಿದ ದೀಪದ ಬೆಳಕು ಮುಖದ ಮೇಲೆ ಬಿದ್ದಿರುವ ಹೆಣ್ಣಿನ ಜಲವರ್ಣ ಚಿತ್ರವದು. ‘ಗ್ಲೋ ಆಫ್ ಹೋಪ್’ ಎಂದು ಹೆಸರಾದ ಈ ಕೃತಿಯನ್ನು ರಚಿಸಿದವರು ಮಹಾರಾಷ್ಟ್ರದ ಕಲಾವಿದ ಎಸ್.ಎಲ್. ಹಳದಣಕರ್. 1940ರ ದಶಕದ ನಡುವಿನ ಈ ಚಿತ್ರಕ್ಕೆ ರೂಪದರ್ಶಿಯಾಗಿದ್ದವರು ಅವರ ಮಗಳು ಗೀತಾ. ಅವರು 2018ರಲ್ಲಿ ತಮ್ಮ 102ನೆಯ ವಯಸ್ಸಿನಲ್ಲಿ ನಿಧನರಾದರು. ಆದಾಗ್ಯೂ ಇದನ್ನು ರವಿವರ್ಮನ ಚಿತ್ರವೆಂದೇ ಹೇಳುವ ವಾಡಿಕೆ ಬಹುಕಾಲದಿಂದ ಜನರ ಬಾಯಲ್ಲಿದೆ. ರವಿವರ್ಮನು ತೀರಿಕೊಂಡದ್ದು 1906ರಲ್ಲಿ ಎಂಬ ಸಂಗತಿ ಈ ವಾಡಿಕೆಗೆ ಅಡ್ಡಬಂದಿಲ್ಲ.

ಜಾನಪದ ವಿದ್ವಾಂಸರಿಗೆ ಇದು ಪರಿಚಿತವಾದ ಪ್ರಕ್ರಿಯೆ. ಹೆಸರು ತಿಳಿಯದ ಕೃತಿಯು ಹೆಸರಾಂತ ಕರ್ತೃವಿನ ಸುತ್ತ ಹೋಗಿ ಸೇರುವುದು ವಚನಗಳ, ಕೀರ್ತನೆಗಳ, ಗುಡಿಗಳ ವಿಷಯದಲ್ಲಿಯೂ ನಡೆದಿದೆ. ಒಂದೇ ರಾತ್ರಿಯಲ್ಲಿ ಜಕಣಾಚಾರಿ ಕಡೆದನೆಂದು ಹೇಳುವ ಗುಡಿಗಳು ನಾಡಿನಲ್ಲಿ ಅನೇಕ. ಇಲ್ಲಿ ಗಮನಿಸಬೇಕಾದ ವಿಷಯವೆಂದರೆ, ತಪ್ಪು ಹೆಸರನ್ನು ಕೇಳಿದ ನೋಡುಗನ ತೃಪ್ತಿಯು ಸರಿಯಾದ ಹೆಸರನ್ನು ಕೇಳಿದವನ ತೃಪ್ತಿಗಿಂತ ಕಡಿಮೆಯಾಗುವುದಿಲ್ಲ. ಅಂದರೆ, ತೃಪ್ತಿಯು ಸತ್ಯಕ್ಕೆ ಪ್ರಮಾಣವಲ್ಲ. ತಂದೆಯೊಬ್ಬನು ತನ್ನ ಮಗಳ ಕೈಗೆ ದೀಪವನ್ನು ಕೊಟ್ಟು ನಿಲ್ಲಿಸಿ ಬರೆದ ಚಿತ್ರವೆಂಬ ನಿಜಸಂಗತಿಯು ರವಿವರ್ಮನ ಹೆಸರಿಗಿಂತ ಬಡವಾದ ಕಥೆಯೇನಲ್ಲ. ಅದನ್ನು ಹೇಳುವವರು ಬೇಕು, ಅಷ್ಟೇ. ತೃಪ್ತಿ ಮತ್ತು ಸತ್ಯ ಎರಡನ್ನೂ ಕೂಡಿಸುವ ಹೊಣೆ ತಾಣದ್ದು.

ಜಯಲಕ್ಷ್ಮಿ ವಿಲಾಸ: ನೋಡುಗನೇ ಒಡೆಯನಾದ ಸಂದರ್ಭ

ಯಾವ ರಾಜಕುಮಾರಿಯ ಮದುವೆಯಲ್ಲಿ ಹಳೆಯ ಅರಮನೆ ಸುಟ್ಟುಹೋಯಿತೋ ಆಕೆಗಾಗಿ 1905ರಲ್ಲಿ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಸಮೀಪ ನಿರ್ಮಾಣವಾದ ಸೌಧವೇ ಜಯಲಕ್ಷ್ಮಿ ವಿಲಾಸ. ಆಕೆಯ ಪತಿ ಸರ್ ಎಂ. ಕಾಂತರಾಜ ಅರಸರು ವಿಶ್ವೇಶ್ವರಯ್ಯನವರ ನಂತರ ಮೈಸೂರಿನ ದಿವಾನರಾಗಿದ್ದವರು. ಕುವೆಂಪು ಅವರು ಕುಲಪತಿಗಳಾಗಿದ್ದ ಅವಧಿಯಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಈ ಸೌಧವನ್ನು ಪಡೆದುಕೊಂಡಿತು. ಸುತ್ತಲಿನ ಪ್ರದೇಶ ಮಾನಸಗಂಗೋತ್ರಿಯಾಯಿತು. 1968ರಲ್ಲಿ ಇಲ್ಲಿ ಜಾನಪದ ವಸ್ತುಸಂಗ್ರಹಾಲಯ ಆರಂಭವಾಯಿತು. ದೇ. ಜವರೇಗೌಡರ ಪ್ರೋತ್ಸಾಹ, ಜೀ.ಶಂ. ಪರಮಶಿವಯ್ಯ ಮತ್ತು ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಅವರ ಪರಿಶ್ರಮಗಳಿಂದ ಬೆಳೆದ ಈ ಸಂಗ್ರಹದಲ್ಲಿ ಆರು ಸಾವಿರಕ್ಕೂ ಮಿಕ್ಕಿದ ವಸ್ತುಗಳಿವೆ.

ಇಲ್ಲಿಯ ಸಂಬಂಧ ಜಗನ್ಮೋಹನ ಅರಮನೆಯ ಸಂಬಂಧಕ್ಕೆ ನೇರ ವಿರುದ್ಧವಾದುದು. ಕಟ್ಟಡ ರಾಜಕುಮಾರಿಯದು, ಒಳಗಿರುವುದು ಒಕ್ಕಲಿನ ಮನೆಯ ಬದುಕು. ಕಲ್ಯಾಣಮಂಟಪದ ಮರದ ಕೆತ್ತನೆ, ಎತ್ತರದ ಕಂಬಗಳು, ಬಣ್ಣದ ಗಾಜುಗಳ ನಡುವೆ ಕೂರಿಗೆ, ನೊಗ, ಕೊಳಗ, ಮೊರ, ಬೀಸುವ ಕಲ್ಲು, ತೊಗಲುಗೊಂಬೆ, ಯಕ್ಷಗಾನದ ವೇಷಭೂಷಣ, ಸೋಮನ ಕುಣಿತದ ಮುಖವಾಡಗಳು ಸೇರಿಕೊಂಡವು. ಬುರ್ರಾ ಸನ್ನದಿನ ‘ಹೊಂದುವ ಬಳಕೆ’ ಎಂಬ ಮಾತನ್ನು ಯಾಂತ್ರಿಕವಾಗಿ ಅನ್ವಯಿಸಿದರೆ ಈ ಮರುಬಳಕೆಯು ಹೊಂದಿಕೆಯಿಲ್ಲದ್ದೆಂದು ತೋರಬಹುದು. ಆದರೆ ಇದರ ಮಹತ್ವ ಇರುವುದೇ ಆ ವೈಷಮ್ಯದಲ್ಲಿ. ಅರಮನೆಯ ಹೊಸ್ತಿಲನ್ನು ಕೆಲಸದಾಳಾಗಿ ಮಾತ್ರ ದಾಟಬಹುದಾಗಿದ್ದ ಜನರ ಬದುಕು ಅದೇ ಅರಮನೆಯ ನಡುಮನೆಯಲ್ಲಿ ಗೌರವದ ಸ್ಥಾನವನ್ನು ಪಡೆಯಿತು.

ಇಂತಹ ತಾಣದಲ್ಲಿ ತೃಪ್ತಿಯು ಎರಡು ಬಗೆಯಾಗಿ ಒಡೆಯುತ್ತದೆ. ನಗರದಲ್ಲಿ ಬೆಳೆದ ವಿದ್ಯಾರ್ಥಿಗೆ ಬೀಸುವ ಕಲ್ಲು ಒಂದು ತಿಳಿವಳಿಕೆ. ಅದರ ಹೆಸರು, ಊರು, ಉಪಯೋಗಗಳನ್ನು ಬರೆದ ಚೀಟಿ ಅವನಿಗೆ ಸಾಕು. ಬೆಳಗಿನ ಜಾವ ಎದ್ದು ರಾಗಿ ಬೀಸಿದ ಹೆಣ್ಣಿಗೆ ಅದೇ ಕಲ್ಲು ತೋಳಿನ ನೋವು, ಅತ್ತೆಯ ಮಾತು, ಜೊತೆಗೆ ಕುಳಿತು ಹಾಡಿದ ನೆರೆಯವಳ ದನಿ. ಕಲ್ಲನ್ನು ಬರಿದೇ ತಿರುಗಿಸಬಾರದು, ಮೊರವನ್ನು ಕಾಲಿನಿಂದ ತಳ್ಳಬಾರದು ಎಂಬ ನಿಷೇಧಗಳು ಆಕೆಗೆ ತಿಳಿದಿರುತ್ತವೆ. ಚೀಟಿಯಲ್ಲಿ ಅವು ಇರುವುದಿಲ್ಲ. ಚೀಟಿ ಬರೆದವನಿಗಿಂತ ಹೆಚ್ಚು ತಿಳಿದವಳು ಇಲ್ಲಿ ಸಂದರ್ಶಕಳಾಗಿ ಬಂದಿದ್ದಾಳೆ. ಆಕೆಯ ತೃಪ್ತಿಯು ಮಾಹಿತಿಯನ್ನು ಪಡೆಯುವುದರಲ್ಲಿ ಇಲ್ಲ, ಕೊಡುವುದರಲ್ಲಿ ಇದೆ. ಮೊಮ್ಮಗಳನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಕಲ್ಲಿನ ಗೂಟವನ್ನು ತೋರಿಸುತ್ತ ಹೇಳುವ ಅವಕಾಶ ಆಕೆಗೆ ದೊರೆತರೆ ಸಂಗ್ರಹಾಲಯದ ಕೆಲಸ ಪೂರ್ಣವಾಯಿತು. ‘ಮುಟ್ಟಬಾರದು, ಮಾತನಾಡಬಾರದು’ ಎಂಬ ಫಲಕ ಮಾತ್ರ ಎದುರಾದರೆ, ಆಕೆ ತನ್ನದೇ ವಸ್ತುವಿನ ಮುಂದೆ ಪರಕೀಯಳಾಗಿ ನಿಲ್ಲುತ್ತಾಳೆ. ಪ್ರಶ್ನಾವಳಿಯು ಈ ಎರಡು ಸ್ಥಿತಿಗಳ ವ್ಯತ್ಯಾಸವನ್ನು ಗುರುತಿಸಲಾರದು.

ಸೋಮನ ಮುಖವಾಡದ ವಿಷಯ ಇನ್ನೂ ಸೂಕ್ಷ್ಮವಾದುದು. ಅದು ಗ್ರಾಮದೇವತೆಯ ಸೇವೆಗೆ ಸಲ್ಲುವ ವಸ್ತು. ಅದನ್ನು ಕಂಡು ಕೈಮುಗಿಯುವ ನೋಡುಗನು ಪ್ರದರ್ಶನದ ನಿಯಮವನ್ನು ಅರಿಯದವನಲ್ಲ. ಅವನು ಬೇರೊಂದು ನಿಯಮವನ್ನು ಬಲ್ಲವನು. ಜಾನಪದ ವಸ್ತುಸಂಗ್ರಹಾಲಯವು ಈ ಎರಡು ನಿಯಮಗಳಿಗೂ ಎಡೆಮಾಡಿಕೊಡಬೇಕಾಗುತ್ತದೆ.

ಕಟ್ಟಡದ ಸ್ಥಿತಿಯೂ ತೃಪ್ತಿಯ ಪ್ರಶ್ನೆಯೇ. ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ 2000ದ ದಶಕದ ಮೊದಲ ಭಾಗದಲ್ಲಿ ಸೌಧದ ಜೀರ್ಣೋದ್ಧಾರ ನಡೆಯಿತು. ಮುಂದಿನ ವರ್ಷಗಳಲ್ಲಿ ಅದು ಮತ್ತೆ ಶಿಥಿಲಗೊಂಡು, ಕೆಲವು ಭಾಗಗಳನ್ನು ನೋಡುಗರಿಗೆ ಮುಚ್ಚಬೇಕಾಯಿತು. ಮರ, ಸುಣ್ಣಗಾರೆಗಳ ಕಟ್ಟಡವು ಒಂದು ಬಾರಿಯ ದುರಸ್ತಿಯಿಂದ ಉಳಿಯುವುದಿಲ್ಲ. ವರ್ಷ ವರ್ಷವೂ ಮಳೆಗಾಲಕ್ಕೆ ಮುಂಚೆ ಮಾಳಿಗೆಯನ್ನು ನೋಡುವ, ನೀರು ಸೋರುವ ಜಾಗವನ್ನು ಮುಚ್ಚುವ ಮನೆವಾರ್ತೆಯಿಂದ ಅದು ಉಳಿಯುತ್ತದೆ. ಮುಚ್ಚಿದ ಕೋಣೆಯಲ್ಲಿರುವ ವಸ್ತುವಿನ ಕುರಿತು ಅತೃಪ್ತಿ ಸೂಚಿಸುವವರು ಯಾರೂ ಇರುವುದಿಲ್ಲ; ಏಕೆಂದರೆ ಅದನ್ನು ಕಾಣದೆ ಹೋದವರಿಗೆ ಕಾಣಲಿಲ್ಲವೆಂಬುದೂ ತಿಳಿದಿರುವುದಿಲ್ಲ.

ಫ್ರೀಡಂ ಪಾರ್ಕ್: ನೋವಿನ ತಾಣ ಮತ್ತು ತೃಪ್ತಿ

ಅರಮನೆಯನ್ನು ನೋಡುವ ಆಸೆ ಎಲ್ಲರಿಗೂ ಇರುತ್ತದೆ. ಸೆರೆಮನೆಯನ್ನು ನೋಡುವ ಆಸೆ ಯಾರಿಗೂ ಇರಬಾರದೆಂಬುದು ಜನರ ನಂಬಿಕೆ. ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿ 1860ರ ದಶಕದಿಂದ ಇದ್ದ ಕೇಂದ್ರ ಕಾರಾಗೃಹವು ಪರಪ್ಪನ ಅಗ್ರಹಾರಕ್ಕೆ ಸ್ಥಳಾಂತರಗೊಂಡ ಮೇಲೆ, ಸುಮಾರು 21 ಎಕರೆಗಳ ಆ ಜಾಗದ ವಿನ್ಯಾಸವನ್ನು ಮ್ಯಾಥ್ಯೂ ಅಂಡ್ ಘೋಷ್ ವಾಸ್ತುಶಿಲ್ಪಿಗಳು ರೂಪಿಸಿದರು. 2008ರಲ್ಲಿ ಅದು ಫ್ರೀಡಂ ಪಾರ್ಕ್ ಎಂಬ ಹೆಸರಿನಲ್ಲಿ ಸಾರ್ವಜನಿಕರಿಗೆ ತೆರೆಯಿತು. ನಡುವಿನ ಕಾವಲು ಗೋಪುರ, ಅದರ ಸುತ್ತಲಿನ ಕೆಲವು ಬ್ಯಾರಕ್ಕುಗಳು ಮತ್ತು ಗೋಡೆಯ ಭಾಗಗಳನ್ನು ಉಳಿಸಿಕೊಳ್ಳಲಾಯಿತು.

1975ರ ಜೂನ್‌ನಲ್ಲಿ ತುರ್ತುಪರಿಸ್ಥಿತಿ ಜಾರಿಯಾದಾಗ ಬೆಂಗಳೂರಿಗೆ ಬಂದಿದ್ದ ಅಟಲ ಬಿಹಾರಿ ವಾಜಪೇಯಿ, ಎಲ್.ಕೆ. ಆಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಅವರನ್ನು ಈ ಸೆರೆಮನೆಯಲ್ಲಿ ಇರಿಸಲಾಗಿತ್ತು. ‘ಸಂಸ್ಕಾರ’ ಚಲನಚಿತ್ರದ ಅಭಿನೇತ್ರಿ ಸ್ನೇಹಲತಾ ರೆಡ್ಡಿ ಅವರನ್ನು 1976ರಲ್ಲಿ ಇಲ್ಲಿ ಬಂಧನದಲ್ಲಿಟ್ಟಿದ್ದರು. ಆಸ್ತಮಾದಿಂದ ಬಳಲುತ್ತಿದ್ದ ಅವರು 1977ರ ಜನವರಿಯಲ್ಲಿ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಇವು ದಾಖಲೆಯಲ್ಲಿರುವ ಹೆಸರುಗಳು. ನೂರಮೂವತ್ತಕ್ಕೂ ಹೆಚ್ಚು ವರ್ಷಗಳ ಕಾಲ ಇಲ್ಲಿ ಬಂದುಹೋದ ಸಾಮಾನ್ಯ ಕೈದಿಗಳ ನೆನಪು ಉಳಿದಿರುವುದು ಆಡುಮಾತಿನಲ್ಲಿ. ಕನ್ನಡದಲ್ಲಿ ಸೆರೆಮನೆ ಎಂದರೆ ‘ಮಾವನ ಮನೆ’. ಅಲ್ಲಿರುವುದು ಎಂದರೆ ‘ಕಂಬಿ ಎಣಿಸುವುದು’, ‘ಮುದ್ದೆ ಮುರಿಯುವುದು’. ನಗೆಯಿಂದ ನೋವನ್ನು ಮುಚ್ಚುವ ಈ ನುಡಿಗಟ್ಟುಗಳು ಕಟ್ಟಡದ ಹೊರಗಿನವರು ಒಳಗನ್ನು ಊಹಿಸಿಕೊಂಡ ಬಗೆಯನ್ನು ತಿಳಿಸುತ್ತವೆ. ಫ್ರೀಡಂ ಪಾರ್ಕಿಗೆ ಕಾಲಿಡುವ ಕನ್ನಡಿಗನ ನಿರೀಕ್ಷೆ ರೂಪುಗೊಂಡಿರುವುದು ಇವುಗಳಿಂದ. ಹುಲ್ಲುಹಾಸು, ನಡಿಗೆಯ ದಾರಿ, ತಣ್ಣನೆಯ ನೆರಳು ಇವು ಬೆಳಗಿನ ವಾಯುವಿಹಾರಕ್ಕೆ ಬರುವವನಿಗೆ ಪೂರ್ಣ ತೃಪ್ತಿಯನ್ನು ಕೊಡಬಹುದು. ಆದರೆ ಕಾವಲು ಗೋಪುರವನ್ನು ಛಾಯಾಚಿತ್ರದ ಹಿನ್ನೆಲೆಯಾಗಿ ಮಾತ್ರ ಕಂಡು ಹೋದವನ ತೃಪ್ತಿಯನ್ನು ತಾಣದ ಯಶಸ್ಸೆಂದು ಎಣಿಸಬಹುದೆ? ನೋವಿನ ತಾಣದಲ್ಲಿ ಸ್ವಲ್ಪ ಅಸಮಾಧಾನವನ್ನು ಹೊತ್ತು ಹೊರಬರುವುದೇ ಸರಿಯಾದ ಅನುಭವವಾಗಿರಬಹುದು. ಅಳತೆಗೋಲುಗಳಲ್ಲಿ ಅದು ಅತೃಪ್ತಿಯೆಂದೇ ದಾಖಲಾಗುತ್ತದೆ.

ಈ ತಾಣದ ಒಂದು ಭಾಗವನ್ನು ಪ್ರತಿಭಟನೆಗಳಿಗೆಂದು ಮೀಸಲಿಟ್ಟಿರುವುದು ಇದರ ವಿಶೇಷ. 2021ರ ಆದೇಶವು ಬೆಂಗಳೂರು ನಗರದ ಪ್ರತಿಭಟನೆಗಳಿಗೆ ಇದೊಂದೇ ಸ್ಥಳವೆಂದು ಗೊತ್ತುಪಡಿಸಿತು. 2023ರ ಜನವರಿಯಲ್ಲಿ ಅಂಗನವಾಡಿ ಕಾರ್ಯಕರ್ತೆಯರು, 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಹಗಲುರಾತ್ರಿ ಇಲ್ಲಿ ಧರಣಿ ಕುಳಿತಿದ್ದರು. ನಾಡಿನ ನಾನಾ ಜಿಲ್ಲೆಗಳಿಂದ ಬಂದ ಈ ಹೆಣ್ಣುಮಕ್ಕಳನ್ನು ಸಂದರ್ಶಕರೆಂದು ಯಾವ ಲೆಕ್ಕವೂ ಪರಿಗಣಿಸುವುದಿಲ್ಲ. ಆದರೆ ತಾಣದ ಹೆಸರಿಗೂ ಚರಿತ್ರೆಗೂ ಅವರಷ್ಟು ಹತ್ತಿರದ ಸಂಬಂಧವುಳ್ಳ ಬಳಕೆದಾರರು ಬೇರಿಲ್ಲ. ಪ್ರತಿಭಟಿಸಿದವರನ್ನು ಕೂಡಿಹಾಕುತ್ತಿದ್ದ ಜಾಗವು ಪ್ರತಿಭಟಿಸುವವರಿಗೆ ತೆರೆದುಕೊಂಡಿತು ಎಂದು ಇದನ್ನು ಅರ್ಥೈಸಬಹುದು. ಪ್ರತಿಭಟನೆಯನ್ನು ಮತ್ತೆ ಅದೇ ಗೋಡೆಗಳ ನಡುವೆ ಸೀಮಿತಗೊಳಿಸಲಾಯಿತು ಎಂದೂ ಅರ್ಥೈಸಬಹುದು. ಕುಡಿಯುವ ನೀರು ಮತ್ತು ಶೌಚಾಲಯಗಳ ಗುಣಮಟ್ಟದ ಪ್ರಶ್ನೆಯು ವಾಯುವಿಹಾರಿಗಿಂತ ಹೆಚ್ಚಾಗಿ, ಚಳಿಯಲ್ಲಿ ಮಲಗಿ ಎದ್ದ ಈ ಹೆಣ್ಣುಮಕ್ಕಳಿಗೆ ಸಂಬಂಧಿಸಿದ್ದು. ಆ ಪ್ರಶ್ನೆಯನ್ನು ಅವರಿಗೆ ಕೇಳದೆ ಮಾಡಿದ ತೃಪ್ತಿಯ ಅಳತೆ ಅಪೂರ್ಣ.

ಅಳೆಯಬೇಕಾದ ಬಗೆ

ಮೂರು ನಿದರ್ಶನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಜಗನ್ಮೋಹನ ಅರಮನೆಯಲ್ಲಿ ಕಟ್ಟಡವೂ ವಸ್ತುವೂ ಒಂದೇ ಕಥೆಯನ್ನು ಹೇಳುವುದರಿಂದ ತೃಪ್ತಿ ಸುಲಭ. ಅಲ್ಲಿ ಕಾಯಬೇಕಾದುದು ಕಥೆಯ ಸತ್ಯವನ್ನು. ಜಯಲಕ್ಷ್ಮಿ ವಿಲಾಸದಲ್ಲಿ ಕಟ್ಟಡ ಒಬ್ಬರ ಕಥೆಯನ್ನು, ವಸ್ತು ಇನ್ನೊಬ್ಬರ ಕಥೆಯನ್ನು ಹೇಳುತ್ತವೆ. ಅಲ್ಲಿ ಬೇಕಾದುದು ಎರಡನೆಯವರಿಗೆ ಮಾತನಾಡುವ ಅವಕಾಶ. ಫ್ರೀಡಂ ಪಾರ್ಕಿನಲ್ಲಿ ಹೊಸ ಬಳಕೆಯ ಸೊಗಸು ಹಳೆಯ ಕಥೆಯನ್ನು ಮರೆಮಾಡಬಲ್ಲದು. ಅಲ್ಲಿ ಬೇಕಾದುದು ಮರೆಯದಂತೆ ಮಾಡುವ ಎಚ್ಚರ.

ಇದರಿಂದ ಅಧ್ಯಯನ ವಿಧಾನಕ್ಕೆ ಸಂಬಂಧಿಸಿದಂತೆ ನಾಲ್ಕು ಸಲಹೆಗಳನ್ನು ಮಾಡಬಹುದು. ಒಂದು, ಅಂಕಗಳನ್ನು ಕೇಳುವ ಪ್ರಶ್ನಾವಳಿಯ ಜೊತೆಗೆ ‘ಒಳಗೆ ಕಂಡದ್ದನ್ನು ಮನೆಗೆ ಹೋಗಿ ಏನೆಂದು ಹೇಳುವಿರಿ?’ ಎಂಬ ಒಂದು ಮುಕ್ತ ಪ್ರಶ್ನೆಯನ್ನಾದರೂ ಬಾಯಿಮಾತಿನಲ್ಲಿ ಕೇಳಿ ಧ್ವನಿಮುದ್ರಿಸಿಕೊಳ್ಳಬೇಕು. ಓದುಬರಹ ಬಾರದ ನೋಡುಗನು ಅಧ್ಯಯನದಿಂದ ಹೊರಗುಳಿಯದಂತೆ ಮಾಡುವ ದಾರಿಯೂ ಇದೇ. ಎರಡು, ಬರುವಾಗಿನ ನಿರೀಕ್ಷೆಯ ಮೂಲವನ್ನು ದಾಖಲಿಸಬೇಕು. ಮೂರು, ಮಾರ್ಗದರ್ಶಿಗಳು, ಕಾವಲುಗಾರರು ಹೇಳುವ ಕಥೆಗಳನ್ನು ಜಾನಪದ ಸಾಮಗ್ರಿಯೆಂದೇ ಸಂಗ್ರಹಿಸಿ, ಅವುಗಳಲ್ಲಿ ತಪ್ಪಿದ್ದನ್ನು ಅವರೊಡನೆ ಕುಳಿತು ತಿದ್ದಬೇಕು. ನಾಲ್ಕು, ಬಂದವರನ್ನು ಮಾತ್ರ ಕೇಳದೆ ಬಾರದವರನ್ನೂ, ತಾಣದ ಹಿಂದಿನ ಬದುಕಿನಲ್ಲಿ ಪಾಲಿದ್ದ ಕುಟುಂಬಗಳನ್ನೂ ಕೇಳಬೇಕು.

ಸಮಾರೋಪ

ಒಟ್ಟಾರೆಯಾಗಿ ಹೇಳುವುದಾದರೆ, ಮರುಬಳಕೆಯ ಪಾರಂಪರಿಕ ತಾಣದಲ್ಲಿ ಸಂದರ್ಶಕರ ತೃಪ್ತಿಯು ಎರಡು ಪ್ರಶ್ನೆಗಳ ಉತ್ತರವನ್ನು ಅವಲಂಬಿಸಿದೆ: ಇದು ಯಾರ ಮನೆಯಾಗಿತ್ತು? ಈಗ ಇಲ್ಲಿ ಯಾರಿಗೆ ಜಾಗವಿದೆ? ಮೊದಲನೆಯದಕ್ಕೆ ಪ್ರಾಮಾಣಿಕವಾದ ಉತ್ತರ ದೊರೆಯದಿದ್ದರೆ ತಾಣವು ಕೇವಲ ಅಂದವಾದ ಕಟ್ಟಡವಾಗಿ ಉಳಿಯುತ್ತದೆ. ಎರಡನೆಯದಕ್ಕೆ ಉತ್ತರ ದೊರೆಯದಿದ್ದರೆ ಅದು ಮತ್ತೆ ಕೆಲವರ ಮನೆಯಾಗುತ್ತದೆ. ಸೌಲಭ್ಯಗಳ ಅಳತೆ ಅಗತ್ಯ, ಆದರೆ ಅದು ಹೊಸ್ತಿಲಿನವರೆಗಿನ ಮಾತು. ರಾಜಕುಮಾರಿಯ ಸೌಧದಲ್ಲಿ ಬೀಸುವ ಕಲ್ಲಿನ ಮುಂದೆ ನಿಂತ ಮುದುಕಿಯ ಮಾತನ್ನು ಕೇಳಿಸಿಕೊಳ್ಳುವ ವ್ಯವಸ್ಥೆ ಇದೆಯೇ ಎಂಬುದು ಹೊಸ್ತಿಲಿನ ಒಳಗಿನ ಮಾತು. ಆ ಕಲ್ಲಿನಲ್ಲಿ ಬೀಸಿದವರ ಕೊನೆಯ ತಲೆಮಾರು ಈಗ ಮುಪ್ಪಿನಲ್ಲಿದೆ. ಅವರು ಸಂದರ್ಶಕರಾಗಿ ಬಂದು ಮಾತನಾಡದೆ ಹಿಂದಿರುಗಿದರೆ, ವಸ್ತು ಸಂಗ್ರಹಾಲಯದಲ್ಲಿ ಉಳಿಯುತ್ತದೆ, ಜಾನಪದ ಉಳಿಯುವುದಿಲ್ಲ.